ಕಂಡವನೇ ಸಾಕ್ಷಿ



ಕ್ರಿಸ್‌ಮಸ್ ಬಂತೆಂದರೆ ಕ್ರೈಸ್ತ ಬಂಧುಗಳ ಬಾಯಲ್ಲಿ ‘ಸಾಕ್ಷಿ’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ನಾನು ಕನ್ನಡ ಪಂಡಿತ. ಮೊದಲು ಶಬ್ದವನ್ನೇ ಹಿಡಿಯುತ್ತೇನೆ. ಪಾಣಿನಿಯ ಪ್ರಕಾರ ನೇರವಾಗಿ ಕಂಡವನೇ ಸಾಕ್ಷಿ, ಬರಿದೆ ಹೇಳುವವನಲ್ಲ. ಹಾಗಾದರೆ ಕ್ರಿಸ್ತನ ಸಾಕ್ಷಿಯಾಗಿ ಬಾಳುವುದೆಂದರೇನು?

ನಮ್ಮ ನೆರೆಯ ಧಾರವಾಡಕ್ಕೆ 1853ರಲ್ಲಿ ಬಾಸೆಲ್ ಮಿಶನ್ನಿನ ತರುಣ ಫರ್ಡಿನಂಡ್ ಕಿಟ್ಟೆಲ್ ಬಂದರು. ಬೋಧಿಸಲು ಬಂದವರು ಕಲಿಯಲು ಕುಳಿತರು. ಕ್ರಿಸ್ತನ ಬಾಳನ್ನು ‘ಕಥಾಮಾಲೆ’ಯಲ್ಲಿ ಇಲ್ಲಿನ ಹಾಡಿನ ಧಾಟಿಗೇ ಹೊಂದಿಸಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಅಚ್ಚು ಹಾಕಿಸಿದರು. 1894ರಲ್ಲಿ ಹೊರಬಂದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳು, ಜೊತೆಗೆ ನಮ್ಮ ಅಜ್ಜ ಅಜ್ಜಿಯರ ಗಾದೆಗಳು. ಕ್ರಿಸ್‌ಮಸ್ಸಿಗೆ ಕೆಲವೇ ದಿನಗಳಿರುವಾಗ, 1903ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡರು. ಅವರ ಮತವನ್ನು ಅನುಸರಿಸದ ನನ್ನಂಥವನೂ ಪಾಠಕ್ಕೆ ಮುನ್ನ ಆ ನಿಘಂಟನ್ನು ತೆರೆಯುತ್ತಾನೆ. ನೆರೆಯವರ ನುಡಿಯನ್ನು ತನ್ನದೆಂದು ಪ್ರೀತಿಸಿದ ಆ ದುಡಿಮೆಯೇ ಅವರ ಸಾಕ್ಷಿ.

ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕ್ರೈಸ್ತ ಬಂಧುಗಳೆ, ಹೆಚ್ಚಾಗಿ ಇದೇ ಡಿಸೆಂಬರಿನಲ್ಲಿ ಹೊಸ್ತಿಲ ಹುಣ್ಣಿಮೆಯೂ ಬರುತ್ತದೆ; ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಜನ ಹೊರಡುತ್ತಾರೆ. ನಿಮ್ಮ ಬಾಗಿಲಲ್ಲಿ ನಕ್ಷತ್ರದೀಪ ತೂಗಲಿ. ಅದರ ಕೆಳಗೆ ದಾರಿಹೋಕರಿಗೊಂದು ಕೊಡ ತಣ್ಣೀರೂ ಇರಲಿ. ನೀರು ಕೊಡುವಾಗ ಉಪದೇಶ ಬೇಡ, ಯಾವ ದೇವರ ಭಕ್ತರೆಂದು ಕೇಳುವುದೂ ಬೇಡ. ಗುಡ್ಡಕ್ಕೆ ಹೋಗುವ ನಾವೂ ಅಷ್ಟೇ: ಹಬ್ಬದ ದಿನ ಅವರ ಮನೆಗೆ ಹೋಗಿ ಕುಳಿತು ಬರೋಣ.

ದೀಪ ಇಳಿಸಿದ ಮೇಲೂ ನೆರೆಯವನ ಕಣ್ಣು ನಮ್ಮ ಮೇಲಿರುತ್ತದೆ. ನಮ್ಮ ಬಾಳಿಗೆ ಅವನೇ ಸಾಕ್ಷಿ.