ಕೈಯಲ್ಲಿ ಬೇರೆ ಕೆಲಸವಿಲ್ಲದೆ ರಾಜೀನಾಮೆ ಕೊಟ್ಟವರಿಗೆ



ಮೂವತ್ತೊಂದು ವರ್ಷ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು, ಬಿಟ್ಟು ಹೋಗುವವರ ಲೆಕ್ಕ ಚುಕ್ತಾ ಮಾಡುವುದು, ಇದೇ ನನ್ನ ಉದ್ಯೋಗವಾಗಿತ್ತು. ಹೀಗಾಗಿ ಕೆಲಸ ಬಿಡುವವರ ಬಗ್ಗೆ ನನಗೆ ಎಲ್ಲ ಗೊತ್ತಿದೆ ಎಂಬ ಒಂದು ಸಣ್ಣ ಜಂಬ ಇತ್ತು. ಅದು ಒಂದು ಸಂಜೆ ಇಳಿಯಿತು.

ಆ ಸಂಜೆ ನನ್ನ ಅಕ್ಕನ ಮಗ ಫೋನ್ ಮಾಡಿದ. ಹಿಂದಿನಿಂದ ರೈಲಿನ ಸದ್ದು, ಜನರ ಗದ್ದಲ. "ಮಾವ, ನಾನು ಕೆಲಸ ಬಿಟ್ಟುಬಿಟ್ಟೆ" ಅಂದ. ನಾನು ತಕ್ಷಣ ಕೇಳಿದ್ದು, "ಬೇರೆ ಕಡೆ ಸಿಕ್ಕಿದೆಯೇನೋ?" ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಇಲ್ಲ" ಅಂದ. ನನಗೆ ಸಿಟ್ಟು ಬಂತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಎಲ್ಲ ಕೇಳಿಸಿಕೊಂಡು, "ಸರಿ ಮಾವ" ಅಂತ ಫೋನ್ ಇಟ್ಟ.

ರಾತ್ರಿ ನನ್ನ ಹೆಂಡತಿ ಕೇಳಿದಳು, "ಹುಡುಗ ಊಟ ಮಾಡಿದ್ದಾನೋ ಇಲ್ಲವೋ, ಕೇಳಿದಿರಾ?" ಕೇಳಿರಲಿಲ್ಲ.

ಮಾರನೆಯ ದಿನ ಅವನನ್ನು ಮನೆಗೆ ಕರೆಸಿಕೊಂಡೆ. ವಿಷಯ ನಿಧಾನವಾಗಿ ಹೊರಬಂತು. ಕೆಲಸ ಬಿಟ್ಟು ಆಗಲೇ ಹತ್ತೊಂಬತ್ತು ದಿನವಾಗಿತ್ತು. ಠಾಣೆಯಲ್ಲಿ ಅವನಿದ್ದ ಪೇಯಿಂಗ್ ಗೆಸ್ಟ್ ಕೋಣೆಯವರಿಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಎಂಟೂವರೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬ್ಯಾಗ್ ಹೆಗಲಿಗೇರಿಸಿ, ಲೋಕಲ್ ಹತ್ತಿ ದಾದರ್‌ನಲ್ಲಿ ಇಳಿದು, ಅಲ್ಲಿ ಇಲ್ಲಿ ಕೂತು, ಸಂಜೆ ಏಳಕ್ಕೆ ವಾಪಸು. ಅರಸೀಕೆರೆಯಲ್ಲಿರುವ ಅಪ್ಪ ಅಮ್ಮನಿಗಂತೂ ಸುಳಿವೇ ಇಲ್ಲ. ಭಾನುವಾರ ಫೋನ್ ಮಾಡಿದಾಗ "ಆಫೀಸು ಹೇಗಿದೆ?" ಎಂದರೆ "ಚೆನ್ನಾಗಿದೆ" ಅನ್ನುತ್ತಿದ್ದ.

ಯಾಕೆ ಬಿಟ್ಟೆ ಅಂತ ಈ ಸಲ ಮೆತ್ತಗೆ ಕೇಳಿದೆ. ರಾತ್ರಿ ಹನ್ನೆರಡರವರೆಗೆ ಕೆಲಸ, ಎಲ್ಲರೆದುರು ಬೈಗುಳ, ನಿದ್ದೆ ಇಲ್ಲ. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸಿ ವಾಂತಿ. ಹುಡುಗ ನಿಜವಾಗಿ ಇಳಿದುಹೋಗಿದ್ದ.

ಮಿತ್ರರೇ, ಬೇರೆ ಕೆಲಸ ಸಿಗದೆ ಇರುವ ಕೆಲಸ ಬಿಡಬಾರದು ಎಂಬುದು ಒಳ್ಳೆಯ ಮಾತೇ. ನಾನೂ ಅದನ್ನೇ ಹೇಳುತ್ತೇನೆ. ಆದರೆ ಆರೋಗ್ಯ ಕೆಡುತ್ತಿದ್ದರೆ, ಅವಮಾನ ಸಹಿಸಲಾಗದಂತಿದ್ದರೆ, ತಪ್ಪು ಕೆಲಸ ಮಾಡಿಸುತ್ತಿದ್ದರೆ, ಬಿಡುವುದೇ ಸರಿ. ಅದೇನೇ ಇರಲಿ, ಬಿಟ್ಟು ಆದ ಮೇಲೆ "ಯಾಕೆ ಬಿಟ್ಟೆ" ಎಂದು ಹಂಗಿಸುವುದರಿಂದ ಯಾರಿಗೂ ಲಾಭವಿಲ್ಲ. ಮುಂದೇನು ಅನ್ನುವುದನ್ನು ನೋಡಬೇಕು. ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡು ನಾವಿಬ್ಬರೂ ಮಾಡಿದ್ದನ್ನೇ ಇವತ್ತು ನಿಮಗೆ ಹೇಳುತ್ತೇನೆ. ಈಗಿನ ನಿಯಮಗಳನ್ನೂ ಜೊತೆಗೆ ಸೇರಿಸಿದ್ದೇನೆ.

ಮೊದಲನೆಯದು ಕಾಗದಪತ್ರ. ಸಿಟ್ಟಿನಲ್ಲಿ ಹೊರಟುಬಂದು, ನೋಟಿಸ್ ಕೊಡದೆ, ಫೋನ್ ಎತ್ತದೆ ಕುಳಿತ ಹುಡುಗರನ್ನು ನಾನು ಎಷ್ಟೋ ನೋಡಿದ್ದೇನೆ. ನೀವು ಹಾಗೆ ಬಂದಿದ್ದರೆ ನಾಳೆಯೇ ಒಂದು ವಿನಯದ ಮೇಲ್ ಬರೆಯಿರಿ. ನೋಟಿಸ್ ಅವಧಿಯ ಲೆಕ್ಕ ಹೇಗೆ ತೀರಿಸಬೇಕು ಎಂದು ಕೇಳಿ. ಐಡಿ ಕಾರ್ಡ್, ಲ್ಯಾಪ್‌ಟಾಪ್ ಒಪ್ಪಿಸಿ ರಸೀತಿ ತೆಗೆದುಕೊಳ್ಳಿ. ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಕೆಲವು ತಿಂಗಳ ಸಂಬಳದ ಚೀಟಿ, ಫಾರ್ಮ್ 16 ಎಂದು ರೂಢಿಯಲ್ಲಿ ಕರೆಯುವ ತೆರಿಗೆ ಪ್ರಮಾಣಪತ್ರ, ಇವಿಷ್ಟೂ ನಿಮ್ಮ ಕೈಯಲ್ಲಿರಬೇಕು. ಮುಂದಿನ ಕಂಪನಿ ಮೊದಲು ಕೇಳುವುದೇ ಇವುಗಳನ್ನು. ಬಾಕಿ ಸಂಬಳದ ವಿಷಯದಲ್ಲಿ ಒಂದು ಮಾತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟವರಿಗೂ ಬರಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ನಮ್ಮ ಕಾಲದಲ್ಲಿ ತಿಂಗಳುಗಟ್ಟಲೆ ಅಲೆಸುತ್ತಿದ್ದರು. ನೀವು ಕೇಳಿ. ಜಗಳ ಬೇಡ, ಬರವಣಿಗೆಯಲ್ಲಿ ಕೇಳಿ.

ಎರಡನೆಯದು ಹಣದ ಲೆಕ್ಕ. ಹುಡುಗನ ಬ್ಯಾಂಕಿನಲ್ಲಿ 1,65,000 ರೂಪಾಯಿ ಇತ್ತು. ಖರ್ಚು ಬರೆಸಿದೆ. ಕೋಣೆಗೆ 11,000, ಊಟ ತಿಂಡಿಗೆ 7,000, ರೈಲು ಪಾಸು ಮತ್ತು ಫೋನಿಗೆ 2,000, ಬೈಕ್ ಸಾಲದ ಕಂತು 4,500, ಊರಿಗೆ ಕಳಿಸುವುದು 8,000. ಒಟ್ಟು ತಿಂಗಳಿಗೆ 32,500. ಅಂದರೆ ಐದು ತಿಂಗಳಿಗೆ ಗಂಟು ಖಾಲಿ. ಊರಿಗೆ ಕಳಿಸುವ 8,000 ನಿಲ್ಲಿಸಿದರೆ ಆರೂವರೆ ತಿಂಗಳು ದಾಟುತ್ತದೆ. ಆದರೆ ನಿಲ್ಲಿಸಬೇಕಾದರೆ ಊರಿನಲ್ಲಿ ನಿಜ ಹೇಳಬೇಕು! ಹುಡುಗ ಹಾಳೆ ನೋಡುತ್ತ ಸುಮ್ಮನೆ ಕೂತ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದೇ ಲೆಕ್ಕದಿಂದ ಇನ್ನೊಂದು ತೀರ್ಮಾನವನ್ನೂ ಮಾಡಿಕೊಂಡೆವು. ಕೈಯಲ್ಲಿ ಎರಡು ತಿಂಗಳ ಖರ್ಚಿನಷ್ಟು ಮಾತ್ರ ಉಳಿದ ದಿನ, ಸಿಕ್ಕ ಯಾವುದೇ ಪ್ರಾಮಾಣಿಕ ಕೆಲಸಕ್ಕೆ ಸೇರುವುದು. ಅಲ್ಲಿಯವರೆಗೆ ಒಳ್ಳೆಯದನ್ನು ಹುಡುಕುವುದು. ಈ ಗೆರೆಯನ್ನು ಮೊದಲೇ ಎಳೆದುಕೊಂಡರೆ ರಾತ್ರಿ ನಿದ್ದೆ ಬರುತ್ತದೆ. ಕ್ರೆಡಿಟ್ ಕಾರ್ಡಿನ ಸಾಲದ ಮೇಲೆ ದಿನ ದೂಡುವ ಯೋಚನೆ ಮಾತ್ರ ಬೇಡವೇ ಬೇಡ.

ಮೂರನೆಯದು ಪ್ರಾವಿಡೆಂಟ್ ಫಂಡ್. ಕೆಲಸ ಬಿಟ್ಟ ಕೂಡಲೇ ಹುಡುಗರ ಕಣ್ಣು ಅದರ ಮೇಲೆ. ತೀರ ಅಗತ್ಯವಿಲ್ಲದಿದ್ದರೆ ಮುಟ್ಟಬೇಡಿ. ಕೆಲಸ ಬಿಟ್ಟ ಮಾತ್ರಕ್ಕೆ ಬಡ್ಡಿ ನಿಲ್ಲುವುದಿಲ್ಲ. 2024-25ನೇ ಸಾಲಿಗೆ ಶೇಕಡ 8.25ರಷ್ಟು ಬಡ್ಡಿ ಕೊಟ್ಟಿದ್ದಾರೆ. ಒಟ್ಟು ಸೇವೆ ಐದು ವರ್ಷ ತುಂಬುವ ಮೊದಲು ಹಣ ತೆಗೆದರೆ ತೆರಿಗೆ ಬೀಳುತ್ತದೆ. ಹಳೆಯ ಖಾತೆಯನ್ನು ಹೊಸ ಕಂಪನಿಗೆ ವರ್ಗಾಯಿಸಿಕೊಂಡರೆ ಹಿಂದಿನ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಅದಕ್ಕೂ ಈ ವರ್ಗಾವಣೆ ಮುಖ್ಯ. 2025ರ ಅಕ್ಟೋಬರ್ 13ರಂದು ಭವಿಷ್ಯನಿಧಿಯ ಕೇಂದ್ರ ಟ್ರಸ್ಟಿ ಮಂಡಳಿ, ಕೆಲಸವಿಲ್ಲದವರು ಪೂರ್ತಿ ಹಣ ತೆಗೆಯಲು ಕಾಯಬೇಕಾದ ಅವಧಿಯನ್ನು ಎರಡು ತಿಂಗಳಿನಿಂದ ಹನ್ನೆರಡು ತಿಂಗಳಿಗೆ ಏರಿಸುವ ತೀರ್ಮಾನ ಮಾಡಿತು. ಶೇಕಡ 25ರಷ್ಟು ಖಾತೆಯಲ್ಲಿ ಉಳಿಯಬೇಕು, ಮಿಕ್ಕದ್ದನ್ನು ಅಗತ್ಯಕ್ಕೆ ತೆಗೆಯಬಹುದು ಎಂಬುದು ಅದರ ತಾತ್ಪರ್ಯ. ಇನ್ನೊಂದು ಸಣ್ಣ ಕೆಲಸವಿದೆ. ನೀವು ಕೆಲಸ ಬಿಟ್ಟ ದಿನಾಂಕ ಪಿಎಫ್ ಖಾತೆಯಲ್ಲಿ ದಾಖಲಾಗಿದೆಯೇ ನೋಡಿ. ಹಳೆಯ ಕಂಪನಿ ಹಾಕದಿದ್ದರೆ, ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳಾದ ಮೇಲೆ ನೀವೇ ಆನ್‌ಲೈನ್‌ನಲ್ಲಿ ಹಾಕಬಹುದು.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ, ಆರೋಗ್ಯ ವಿಮೆ. ಕಂಪನಿ ಕೊಟ್ಟ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ. ಅದರಲ್ಲಿ ಅಪ್ಪ ಅಮ್ಮನ ಹೆಸರೂ ಇದ್ದರೆ ಅವರ ರಕ್ಷಣೆಯೂ ಹೋಯಿತು. ಅದೇ ವಿಮಾ ಕಂಪನಿಯಲ್ಲಿ ಗುಂಪು ವಿಮೆಯಿಂದ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಹೊರಡುವ ಮೊದಲೇ ವಿಚಾರಿಸಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿಗಳ ಮೇಲೆ ಜಿಎಸ್‌ಟಿಯೂ ಇಲ್ಲ. ಕೆಲಸವಿಲ್ಲದ ಸಮಯದಲ್ಲಿ ಒಂದು ಆಸ್ಪತ್ರೆ ಬಿಲ್ ಬಂದರೆ ಮೇಲೆ ಹೇಳಿದ ಲೆಕ್ಕವೆಲ್ಲ ತಲೆಕೆಳಗು.

ಐದನೆಯದು ಇಂಟರ್‌ವ್ಯೂ. "ಯಾಕೆ ಬಿಟ್ಟಿರಿ? ಈ ತಿಂಗಳುಗಳಲ್ಲಿ ಏನು ಮಾಡಿದಿರಿ?" ಎಂದು ಕೇಳಿಯೇ ಕೇಳುತ್ತಾರೆ. ಮೇಜಿನ ಆ ಕಡೆ ಕೂತವನಾಗಿ ಹೇಳುತ್ತೇನೆ, ಕೆಲಸವಿಲ್ಲದ ಮೂರು ತಿಂಗಳು ನಮಗೆ ದೊಡ್ಡ ವಿಷಯವಲ್ಲ. ಸುಳ್ಳು ದೊಡ್ಡ ವಿಷಯ. ದಿನಾಂಕ ತಿದ್ದಿದ ಬಯೋಡೇಟಾ ಸಿಕ್ಕಿಬಿದ್ದರೆ ಅಲ್ಲಿಗೆ ಮುಗಿಯಿತು. ಹಳೆಯ ಕಂಪನಿಯನ್ನು ಬೈಯುವವನನ್ನು ಕಂಡರೂ ನಮಗೆ ಭಯ, ನಾಳೆ ನಮ್ಮನ್ನೂ ಬೈಯುತ್ತಾನೆ ಅಂತ. ಎರಡೇ ವಾಕ್ಯ ಸಾಕು. "ಅಲ್ಲಿನ ಕೆಲಸದ ವೇಳೆ ನನ್ನ ಆರೋಗ್ಯಕ್ಕೆ ಹೊಂದಲಿಲ್ಲ, ನೋಟಿಸ್ ಕೊಟ್ಟು ಸರಿಯಾಗಿ ಬಿಟ್ಟೆ. ಆಮೇಲೆ ಇಂಥದ್ದನ್ನು ಕಲಿತೆ, ಈಗ ಕೆಲಸಕ್ಕೆ ಸಿದ್ಧನಿದ್ದೇನೆ." ಅಷ್ಟು ಹೇಳಿ ನಿಲ್ಲಿಸಿ. ನಮ್ಮ ಹುಡುಗರು ನಿಲ್ಲಿಸುವುದಿಲ್ಲ, ಅದೇ ತೊಂದರೆ!

"ಇಂಥದ್ದನ್ನು ಕಲಿತೆ" ಎನ್ನಬೇಕಾದರೆ ಏನಾದರೂ ಕಲಿತಿರಬೇಕಲ್ಲ. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ ಒಳ್ಳೊಳ್ಳೆಯ ಸಂಸ್ಥೆಗಳ ಪಾಠಗಳು ಉಚಿತವಾಗಿ ಸಿಗುತ್ತವೆ. ನ್ಯಾಷನಲ್ ಕೆರಿಯರ್ ಸರ್ವಿಸ್ ತಾಣದಲ್ಲಿ ಕಾಸು ಕೊಡದೆ ಹೆಸರು ನೋಂದಾಯಿಸಬಹುದು. ದಿನಕ್ಕೊಂದು ವೇಳಾಪಟ್ಟಿ ಇರಲಿ: ಬೆಳಿಗ್ಗೆ ಮೂರು ಗಂಟೆ ಅರ್ಜಿ, ಮಧ್ಯಾಹ್ನ ಎರಡು ಗಂಟೆ ಕಲಿಕೆ, ಸಂಜೆ ಒಬ್ಬ ಪರಿಚಯದವರ ಭೇಟಿ. ಈ ಕೊನೆಯದು ಬಹಳ ಮುಖ್ಯ. ಮುಂಬಯಿಗೆ ಬಂದ ನಮ್ಮ ಹಿರಿಯರನ್ನು ನೆನಪಿಸಿಕೊಳ್ಳಿ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಇಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದರು. ಅವರಿಗೆ ಕೆಲಸ ಸಿಕ್ಕಿದ್ದು ಊರಿನವರ ಬಾಯಿಮಾತಿನಿಂದ. ನೀವು ಯಾವ ಮಹಾನಗರದಲ್ಲಿದ್ದರೂ ಅಲ್ಲೊಂದು ಕನ್ನಡ ಸಂಘ ಇದ್ದೇ ಇರುತ್ತದೆ. ರಾಜ್ಯೋತ್ಸವದ ಊಟಕ್ಕೆ ಮಾತ್ರ ಹೋಗಬೇಡಿ, ಕಷ್ಟದಲ್ಲೂ ಹೋಗಿ. "ಕೆಲಸ ಹುಡುಕುತ್ತಿದ್ದೇನೆ" ಎಂದು ಬಾಯಿಬಿಟ್ಟು ಹೇಳಿ.

ಒಂದು ಎಚ್ಚರಿಕೆ. ಕೆಲಸ ಕೊಡಿಸಲು ಮೊದಲು ಹಣ ಕೇಳುವವನು ಕೆಲಸ ಕೊಡಿಸುವುದಿಲ್ಲ. ನೋಂದಣಿ ಶುಲ್ಕ, ತರಬೇತಿ ಠೇವಣಿ, ಹೆಸರು ಏನೇ ಇರಲಿ. ಮೋಸ ಹೋದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಮನಸ್ಸು ತೀರ ಕುಗ್ಗಿದೆ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕಾಸಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಈಗ ಬಾಕಿ ಇಟ್ಟ ವಿಷಯ, ಮನೆಯವರಿಗೆ ಹೇಳುವುದು.

ಹಾಳೆಯಲ್ಲಿದ್ದ ಎಲ್ಲವನ್ನೂ ಹುಡುಗ ಒಪ್ಪಿದ, ಇದೊಂದನ್ನು ಬಿಟ್ಟು. "ಅಪ್ಪನಿಗೆ ಮಾತ್ರ ಬೇಡ ಮಾವ. ಮೇಷ್ಟ್ರು ಮಗ ಅಂತ ಊರೆಲ್ಲ ಹೇಳಿಕೊಂಡಿದ್ದಾರೆ." ನಾನು ಹೇಳಿದೆ, "ಲೋ, ನೀನು ದಿನಾ ದಾದರ್‌ಗೆ ಹೋಗಿ ಬರುವುದಕ್ಕೆ ಪಡುವ ಕಷ್ಟದಲ್ಲಿ ಅರ್ಧ ಪಟ್ಟರೆ ಒಂದು ಫೋನ್ ಮಾಡಬಹುದು." ಅವನು ಎರಡು ದಿನ ತೆಗೆದುಕೊಂಡ. ಮೂರನೆಯ ದಿನ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತು ಫೋನ್ ಮಾಡಿದ. ಒಳಗೆ ನಾನು, ನನ್ನ ಹೆಂಡತಿ ಟಿ.ವಿ. ಸದ್ದು ಕಡಿಮೆ ಮಾಡಿ ಕೂತಿದ್ದೆವು. ಭಾವನವರು ಮೊದಲು ಏನೂ ಹೇಳಲಿಲ್ಲವಂತೆ. ಆಮೇಲೆ, "ಕಾಗದ ಎಲ್ಲ ಸರಿಯಾಗಿ ಇಸಕೊಂಡೆಯಾ?" ಅಂದರಂತೆ. ಮೇಷ್ಟ್ರಲ್ಲವೇ! ಆಮೇಲೆ ಫೋನ್ ಅಕ್ಕನ ಕೈಗೆ ಹೋಯಿತು. ಅಕ್ಕ ಅತ್ತಳು, ಅತ್ತು ಮುಗಿಸಿ, "ತಿಂಗಳ ದುಡ್ಡು ಕಳಿಸಬೇಡ, ಅಕ್ಕಿ ಕಳಿಸ್ತೀವಿ" ಅಂದಳು. ಮುಂದಿನ ವಾರ ಊರಿನಿಂದ ಬರುವ ಪರಿಚಯದವರ ಕೈಲಿ ಒಂದು ಮೂಟೆ ಅಕ್ಕಿ, ಹುರಳಿಕಾಳು, ಉಪ್ಪಿನಕಾಯಿ ದಾದರ್ ಸ್ಟೇಷನ್ನಿಗೆ ಬಂದು ಇಳಿಯಿತು. ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಅಡುಗೆಗೆ ಅವಕಾಶವಿಲ್ಲ. ಅಕ್ಕಿ ನಮ್ಮ ಮನೆಗೆ ಬಂತು, ಅದರ ಹಿಂದೆ ರಾತ್ರಿ ಊಟಕ್ಕೆ ಹುಡುಗನೂ ಬಂದ.

ಕೆಲಸ ಸಿಕ್ಕಿದ್ದು ನಾಲ್ಕು ತಿಂಗಳು ಹನ್ನೊಂದು ದಿನಕ್ಕೆ. ಹಿಂದಿನದಕ್ಕಿಂತ ತಿಂಗಳಿಗೆ ನಾಲ್ಕು ಸಾವಿರ ಕಡಿಮೆ. ನಾವು ಎಳೆದುಕೊಂಡಿದ್ದ ಗೆರೆಗೆ ಇನ್ನು ಕೆಲವೇ ದಿನ ಉಳಿದಿತ್ತು, ಹಾಗಾಗಿ ಸಂಬಳದ ಬಗ್ಗೆ ಹೆಚ್ಚು ಚೌಕಾಸಿ ಮಾಡುವ ಸ್ಥಿತಿಯಲ್ಲಿರಲಿಲ್ಲ. ಸಂಜೆ ಏಳಕ್ಕೆ ಮನೆಗೆ ಬರುತ್ತಾನೆ. ನಿದ್ದೆ ಮಾಡುತ್ತಾನೆ. ಭಾನುವಾರ ಸಂಜೆ ವಾಂತಿ ಇಲ್ಲ. ಕೆಲಸ ಬಿಟ್ಟದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ನಾನು ತೀರ್ಪು ಕೊಡಲಾರೆ. ನಾಲ್ಕು ಸಾವಿರ ಸಣ್ಣ ಮೊತ್ತವೇನಲ್ಲ, ನಿದ್ದೆಯೂ ಸಣ್ಣದಲ್ಲ.

ಈ ಕಾರ್ಯಕ್ರಮ ಕೇಳುತ್ತಿರುವ ಯಾರಾದರೂ ಇವತ್ತು ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಲು ಆಫೀಸಿಲ್ಲದೆ ಹೊರಟಿದ್ದರೆ, ಅವರಿಗೆ ನನ್ನದೊಂದು ಮಾತು. ಇವತ್ತು ಒಬ್ಬರಿಗಾದರೂ ಹೇಳಿ. ನಿಮ್ಮ ಮನೆಯ ಮಗನೋ ಮಗಳೋ ಅಂಥ ಫೋನ್ ಮಾಡಿದರೆ, ಹಿರಿಯರಿಗೆ ನನ್ನ ವಿನಂತಿ: ಬೇರೆ ಕೆಲಸದ ಮಾತು ನಾಳೆ ಕೇಳೋಣ. ಮೊದಲು ಊಟ ಆಯಿತೇ ಎಂದು ಕೇಳಿ.