ಪತ್ರಿಕೆಗಳಿಗೆ ಬರೆಯುವವರ ಉಪಜೀವನ

(ಹಿರಿಯೂರು ತಾಲ್ಲೂಕು ಬಬ್ಬೂರಿನಲ್ಲಿ ಉಪಾಧ್ಯಾಯರೂ ಸುತ್ತಲ ಊರುಗಳ ಮಹನೀಯರೂ ನೆರೆದಿದ್ದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣದ ಪಾಠ)



ಕಥೆ ಕವನಗಳ ಸೊಗಸನ್ನು ಕುರಿತು ಮಾತನಾಡಬಲ್ಲ ಪಂಡಿತರು ಈ ಸೀಮೆಯಲ್ಲಿ ಹೇರಳವಾಗಿರುವರು. ಹಾಗಿದ್ದೂ ವಕೀಲನಾದ ನನ್ನನ್ನು ಕರೆದಿರುವುದನ್ನು ನೋಡಿದರೆ, ನಿಮಗೆ ಬೇಕಾಗಿರುವುದು ಸೊಗಸಿನ ಮಾತಲ್ಲ, ಲೆಕ್ಕದ ಮಾತು ಎಂದು ತಿಳಿಯುತ್ತೇನೆ. ಪತ್ರಿಕೆಗೆ ಕಥೆ ಬರೆಯುವವನು, ಆ ಕಥೆಗೆ ಚಿತ್ರ ಬರೆಯುವವನು, ಛಾಯಾಚಿತ್ರ ತೆಗೆದು ಕಳುಹಿಸುವವನು, ಈ ಮೂವರು ಹೇಗೆ ಬದುಕಿದರು, ಇನ್ನು ಮುಂದೆ ಹೇಗೆ ಬದುಕಬಹುದು ಎಂಬುದೇ ಇಂದಿನ ಪ್ರಸ್ತಾಪ. ಮನೆಯ ಮಗನು "ನಾನು ಪತ್ರಿಕೆಗಳಿಗೆ ಬರೆದು ಜೀವಿಸುವೆನು" ಎಂದರೆ ತಂದೆತಾಯಿಗಳ ಮುಖವು ಬಾಡುವುದು. ಆ ಭಯವು ಸುಳ್ಳೆಂದು ಹೇಳಲು ನಾನು ಬಂದಿಲ್ಲ. ಅದರ ಬೇರು ಎಲ್ಲಿದೆ ಎಂಬುದನ್ನು ಮಾತ್ರ ತೋರಿಸಬಲ್ಲೆನು.

ಕನ್ನಡದ ಮೊದಲನೆಯ ಪತ್ರಿಕೆಯಾದ 'ಮಂಗಳೂರು ಸಮಾಚಾರ'ವು 1843ರಲ್ಲಿ ಹೊರಟಿತು. ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಗಳು ಅದರ ಸಂಪಾದಕರು. ಅದರ ಬೆನ್ನಿಗೆ ಮಿಷನ್ನು ಇದ್ದಿತು. ಅನಂತರ ನಮ್ಮವರು ಹೊರಡಿಸಿದ ಪತ್ರಿಕೆಗಳ ಬೆನ್ನಿಗೆ ಇದ್ದುದು ಬಹುಮಟ್ಟಿಗೆ ಸಂಪಾದಕನ ಸಾಲ. ತಾನೇ ಬರೆದು, ತಾನೇ ಕರಡು ತಿದ್ದಿ, ತಾನೇ ಅಂಚೆಗೆ ಹಾಕಿ, ಚಂದಾ ಕೊಡದವರಿಗೆ ತಾನೇ ಜ್ಞಾಪಕಪತ್ರ ಬರೆಯುವ ಸಂಪಾದಕನು ಲೇಖಕನಿಗೆ ಏನನ್ನು ಕೊಟ್ಟಾನು? ಅಚ್ಚಾದ ಸಂಚಿಕೆಯ ಒಂದು ಪ್ರತಿಯನ್ನು ಕೊಟ್ಟನು. ಅದನ್ನೇ ಪ್ರಸಾದವೆಂದು ನಮ್ಮ ಹಿರಿಯರು ಕಣ್ಣಿಗೊತ್ತಿಕೊಂಡರು.

ಗಳಗನಾಥರನ್ನು ನೋಡಿರಿ. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು. 1869ರಲ್ಲಿ ಹುಟ್ಟಿ 1942ರಲ್ಲಿ ಕಾಲವಾದರು. ಅವರೂ ನಿಮ್ಮಂತೆಯೇ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯ ಸಂಪಾದಕರಾದರು. ಕಾದಂಬರಿಯ ಮೇಲೆ ಕಾದಂಬರಿ ಬರೆದರು. ಕನ್ನಡವನ್ನು ಓದುವವರೇ ಇಲ್ಲವೆಂದು ಜನರು ಹೇಳುತ್ತಿದ್ದ ಕಾಲದಲ್ಲಿ ಓದುವವರನ್ನು ಹುಟ್ಟಿಸಿದರು. ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರೂ ಅವರೇ. ಈ ಸಂಗತಿಯನ್ನು ನಾವು ಸಭೆಗಳಲ್ಲಿ ಬಹು ಭಕ್ತಿಯಿಂದ ಹೇಳುತ್ತೇವೆ. ನನಗಂತೂ ಅದನ್ನು ಕೇಳಿದಾಗ ಭಕ್ತಿಗಿಂತ ನಾಚಿಕೆಯೇ ಹೆಚ್ಚಾಗುತ್ತದೆ. ಗಂಟನ್ನು ಹಿಡಿದಿದ್ದ ಆ ಕೈ ಅಷ್ಟು ಹೊತ್ತಿನಲ್ಲಿ ಇನ್ನೊಂದು ಕಾದಂಬರಿಯನ್ನು ಬರೆಯಬಹುದಾಗಿತ್ತಲ್ಲವೆ?

ಆದರೂ ಆ ಕಾಲದ ಸೇವೆಗೆ ಒಂದು ಅರ್ಥವಿದ್ದಿತು. ನಮ್ಮ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದಾಗ ಕನ್ನಡಿಗರೆಲ್ಲರೂ ಸೇರುತ್ತಿದ್ದ ಜಗಲಿ ಪತ್ರಿಕೆಯೊಂದೇ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ 'ಪ್ರಬುದ್ಧ ಕರ್ನಾಟಕ', 1921ರಲ್ಲಿ 'ಕರ್ಮವೀರ', 1922ರಲ್ಲಿ ಆಲೂರು ವೆಂಕಟರಾಯರ 'ಜಯಕರ್ನಾಟಕ' ಹೊರಟವು. ಗಡಿಯ ಸುಂಕದ ಕಟ್ಟೆಗಳು ಅಂಚೆಯ ಚೀಲವನ್ನು ತಡೆಯಲಿಲ್ಲ. ಧಾರವಾಡದವನ ಕವನವನ್ನು ಚಿತ್ರದುರ್ಗದವನು ಓದಿದನು. ಇಬ್ಬರದೂ ಒಂದೇ ನುಡಿಯೆಂಬುದು ಭೂಪಟದಲ್ಲಿ ಕಾಣುವ ಮೊದಲೇ ಪುಟದಲ್ಲಿ ಕಂಡಿತು. ಅಂಥ ಕಾರ್ಯಕ್ಕೆ ಸಂಭಾವನೆ ಕೇಳದೆ ಬರೆದವರು ನಾಡಿಗೆ ದಾನ ಮಾಡಿದರೆಂದು ತಿಳಿಯಬೇಕು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ದಾನದ ಕಾರಣವು ತೀರಿತು, ದಾನದ ರೂಢಿ ಮಾತ್ರ ತೀರಲಿಲ್ಲ. ಜಾಹೀರಾತಿನಿಂದ ಹಣ ಬರುವ ಪತ್ರಿಕೆಯೂ "ಕನ್ನಡದ ಸೇವೆಯೆಂದು ತಿಳಿದು ಬರೆದುಕೊಡಿ" ಎನ್ನತೊಡಗಿತು. ಕಾಗದದ ವರ್ತಕನೊಡನೆಯೂ ಮುದ್ರಣಾಲಯದವನೊಡನೆಯೂ ಈ ಮಾತನ್ನು ಆಡಿದವರನ್ನು ನಾನು ಕಂಡಿಲ್ಲ.

ಈ ಬಗೆಯ ವಾತಾವರಣದಲ್ಲಿಯೂ ಲೇಖನಿಯನ್ನೇ ನಂಬಿ ಬದುಕಿದವರು ಉಂಟು. 1908ರಲ್ಲಿ ಹುಟ್ಟಿದ ಅ. ನ. ಕೃಷ್ಣರಾಯರು ನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದರು. ಬರೆಹವನ್ನು ವೃತ್ತಿಯೆಂದು ಎದೆತಟ್ಟಿ ಹೇಳಿದರು. ಅವರ ಜೊತೆಯಲ್ಲಿ ಹೇಳತಕ್ಕ ಹೆಸರು ನಮ್ಮ ಜಿಲ್ಲೆಯದೇ. ಚಳ್ಳಕೆರೆ ಸೀಮೆಯ ತಳುಕಿನ ಮನೆತನದ ತ. ರಾ. ಸುಬ್ಬರಾಯರು ದೇಶದ ಚಳವಳಿಯ ಕರೆಗೆ ಓಗೊಟ್ಟು ಓದನ್ನು ಅರ್ಧಕ್ಕೆ ಬಿಟ್ಟರು. ಕೈಯಲ್ಲಿ ಪದವಿಯಿಲ್ಲ, ಸರಕಾರದ ನೌಕರಿಯ ಆಸೆಯಿಲ್ಲ. ಪತ್ರಿಕೆಗಳಲ್ಲಿ ಕೆಲಸಮಾಡಿದರು, ಕಥೆ ಬರೆದರು, ಕಾದಂಬರಿಗೆ ಬಂದರು. ಅವರ 'ಹಂಸಗೀತೆ' 1956ರಲ್ಲಿ 'ಬಸಂತ್ ಬಹಾರ್' ಎಂದು ಹಿಂದಿಯಲ್ಲಿ ಚಲಚ್ಚಿತ್ರವಾಯಿತು. 1975ರಲ್ಲಿ ಕನ್ನಡದಲ್ಲಿಯೂ ಆಯಿತು. 'ನಾಗರಹಾವು' ಮತ್ತು ಅದರ ಸಂಗಡದ ಎರಡು ಕಾದಂಬರಿಗಳಿಂದ 1972ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಚಿತ್ರವು ದುರ್ಗದ ಕಲ್ಲುಬಂಡೆಗಳನ್ನು ನಾಡಿಗೆಲ್ಲ ತೋರಿಸಿತು. 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಅದನ್ನು ಬರೆದವರು ಇರಲಿಲ್ಲ, 1984ರಲ್ಲಿಯೇ ತೀರಿಕೊಂಡಿದ್ದರು.

ಇವರ ಬಾಳಿನಿಂದ ಒಂದು ಲೆಕ್ಕ ತಿಳಿಯುವುದು. ಪತ್ರಿಕೆಯಲ್ಲಿ ಅಚ್ಚಾಗುವುದು ಮೊದಲನೆಯ ಬೆಳೆ. ಪುಸ್ತಕ, ಅನುವಾದ, ನಾಟಕ, ಚಲಚ್ಚಿತ್ರಗಳು ಅನಂತರದ ಬೆಳೆಗಳು. ಮೊದಲನೆಯ ಬೆಳೆಗೆ ಕೂಲಿ ಮಾತ್ರ ಬಂದೀತು. ಸಂಸಾರವನ್ನು ಸಾಕಬಲ್ಲದ್ದು ಎರಡನೆಯದು, ಮೂರನೆಯದು. ಆದಕಾರಣ ಹೊಲವನ್ನು ಮೊದಲನೆಯ ಬೆಳೆಯೊಡನೆಯೇ ಬರೆದುಕೊಟ್ಟವನು ಕೆಟ್ಟನು.

ಹೊಲವೆಂದರೆ ಇಲ್ಲಿ ಕೃತಿಸ್ವಾಮ್ಯ; ಪುಸ್ತಕದ ಎರಡನೆಯ ಪುಟದಲ್ಲಿ ಕಾಪಿರೈಟ್ ಎಂದು ಅಚ್ಚಾಗಿರುವುದಲ್ಲ, ಅದು. ಇದು 1957ರ ಕಾಯಿದೆಯ ವಿಷಯ. ನೀವು ಮನೆಯಲ್ಲಿ ಕುಳಿತು ಬರೆದು ಪತ್ರಿಕೆಗೆ ಕಳುಹಿಸಿದ ಕಥೆ ನಿಮ್ಮದು. ಪತ್ರಿಕೆಯು ಅದನ್ನು ಅಚ್ಚುಮಾಡಿ ಸಂಭಾವನೆ ಕೊಟ್ಟ ಮಾತ್ರಕ್ಕೆ ಅದರ ಒಡೆತನವು ಪತ್ರಿಕೆಗೆ ಹೋಗುವುದಿಲ್ಲ. ನೀವು ಬರೆಹದಲ್ಲಿ, ರುಜು ಹಾಕಿ, ಕೊಟ್ಟರೆ ಮಾತ್ರ ಹೋಗುವುದು. ಹಾಗೆ ಕೊಟ್ಟ ಪತ್ರದಲ್ಲಿ ಅವಧಿಯನ್ನು ಹೇಳಿರದಿದ್ದರೆ 5 ವರ್ಷಗಳೆಂದೇ ಅರ್ಥ. ಲೇಖಕನ ಜೀವಿತಕಾಲವೆಲ್ಲವೂ, ಅವನ ತರುವಾಯ 60 ವರ್ಷಗಳೂ ಈ ಸ್ವತ್ತು ಅವನ ಮನೆಯವರದು. ಇನ್ನೂ ಒಂದು ಸಂಗತಿಯನ್ನು ಸಂಬಳದ ಪತ್ರಿಕಾಕರ್ತರೇ ಅನೇಕರು ಅರಿಯರು. ಪತ್ರಿಕೆಯ ನೌಕರನಾಗಿ ಪತ್ರಿಕೆಗೆಂದೇ ಬರೆದದ್ದರಲ್ಲಿಯೂ, ಬೇರೆ ಒಪ್ಪಂದವಿಲ್ಲದಿದ್ದರೆ, ಒಡೆಯನಿಗೆ ಸಲ್ಲುವುದು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ. ಅದನ್ನು ಪುಸ್ತಕ ಮಾಡುವ ಹಕ್ಕು ಬರೆದವನಲ್ಲಿಯೇ ಉಳಿಯುವುದು. ಇಷ್ಟು ಒಳ್ಳೆಯ ಕಾನೂನು ಲೇಖಕನ ಪಕ್ಷಕ್ಕೆ ನಿಂತಿರುವಾಗ ಅವನು ಸಂಕೋಚದಿಂದ ಮೂಲೆಗೆ ನಿಂತಿರುವನು.

ಚಿತ್ರಕಾರನ ಸ್ಥಿತಿ ಇದಕ್ಕಿಂತ ಕಷ್ಟದ್ದು. ಡಾಕ್ಟರ್ ಎಂ. ಶಿವರಾಮರು 'ರಾಶಿ' ಎಂಬ ಹೆಸರಿನಿಂದ 1942ರಲ್ಲಿ 'ಕೊರವಂಜಿ'ಯನ್ನು ಹೊರಡಿಸಿದಾಗ ಅದರಲ್ಲಿ ನಗೆಚಿತ್ರ ಬರೆಯುತ್ತಿದ್ದ ಮೈಸೂರಿನ ಹುಡುಗನೊಬ್ಬನಿದ್ದನು. ಮುಂಬಯಿಯ ಜೆ. ಜೆ. ಕಲಾಶಾಲೆಯವರು ಸೇರಿಸಿಕೊಳ್ಳಲು ಒಪ್ಪದ ಹುಡುಗನವನು. ಅವನೇ ಆರ್. ಕೆ. ಲಕ್ಷ್ಮಣ್. ಅನಂತರ ಅದೇ ಮುಂಬಯಿಯಲ್ಲಿ ಪ್ರತಿದಿನವೂ ದೇಶದ ಮಂತ್ರಿಗಳನ್ನು ನಗೆಯ ಕಟಕಟೆಯಲ್ಲಿ ನಿಲ್ಲಿಸಿದರು. ಲಕ್ಷ್ಮಣರಿಗೆ ಇಂಗ್ಲಿಷ್ ಪತ್ರಿಕೆಯ ಆಸರೆ ದೊರೆಯಿತು. 'ಕೊರವಂಜಿ'ಯಾದರೋ 1967ರಲ್ಲಿ ನಿಂತುಹೋಯಿತು. ಕನ್ನಡದಲ್ಲಿಯೇ ಉಳಿದಿದ್ದರೆ ಅವರ ಗತಿ ಏನಾಗುತ್ತಿತ್ತೋ ನಾನರಿಯೆ, ಊಹಿಸಲು ಮನಸ್ಸೂ ಬಾರದು.

ನಮ್ಮಲ್ಲಿ ಬಹುಮಂದಿ 'ಚಂದಮಾಮ'ವನ್ನು ಓದಿ ಬೆಳೆದವರು. ಶವವನ್ನು ಹೆಗಲಿಗೇರಿಸಿ ಕತ್ತಿ ಹಿರಿದು ನಡೆಯುವ ವಿಕ್ರಮನ ಚಿತ್ರ ಯಾರಿಗೆ ನೆನಪಿಲ್ಲ? ಅದನ್ನು ಬರೆದವರು ಯಾರು? ಸಭೆಯಲ್ಲಿ ಕೈ ಎತ್ತಿ ಹೇಳಬಲ್ಲವರು ಎಷ್ಟು ಮಂದಿ? ಅವರು ಶಂಕರ್ ಎಂದು ರುಜು ಹಾಕುತ್ತಿದ್ದ ಮದರಾಸಿನ ಶಿವಶಂಕರನ್. 2020ರಲ್ಲಿ ತುಂಬುವಯಸ್ಸಿನಲ್ಲಿ ತೀರಿಕೊಂಡರು. ಅದೇ ಪತ್ರಿಕೆಗೆ ಮಹಾಭಾರತದ ಮುಖಚಿತ್ರಗಳನ್ನು ಬರೆದ ಎಂ. ಟಿ. ವಿ. ಆಚಾರ್ಯರು ನಮ್ಮ ಕನ್ನಡದವರೇ. ಕಥೆಯ ಕೆಳಗೆ ಕಥೆಗಾರನ ಹೆಸರನ್ನು ದಪ್ಪಕ್ಷರದಲ್ಲಿ ಹಾಕುವ ನಮ್ಮ ಪತ್ರಿಕೆಗಳು ಚಿತ್ರಕಾರನ ಹೆಸರನ್ನು ಅವನ ಗೆರೆಯ ಸಂದಿಯಲ್ಲಿ ಅಡಗಿಸಿಬಿಡುವುವು. ಕಾನೂನೂ ಇವನಿಗೆ ಅಷ್ಟು ಉಪಕಾರಿಯಲ್ಲ. ಹಣ ಪಡೆದು, ಇನ್ನೊಬ್ಬರ ಹೇಳಿಕೆಯ ಮೇರೆಗೆ ಬರೆದ ವರ್ಣಚಿತ್ರಕ್ಕೂ ತೆಗೆದ ಛಾಯಾಚಿತ್ರಕ್ಕೂ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹೇಳಿ ಮಾಡಿಸಿದವನೇ ಮೊದಲನೆಯ ಒಡೆಯ. ಗೆರೆಯ ಚಿತ್ರವೂ ಈ ಮಾತಿನಲ್ಲಿ ಸೇರುವುದೋ ಇಲ್ಲವೋ ಎಂದು ವಾದಿಸಲು ಅವಕಾಶವುಂಟು. ಆದರೆ ಅಂಥ ವಾದದಿಂದ ಉದ್ಧಾರವಾಗುವವನು ವಕೀಲನು. ಅದಕ್ಕಿಂತ ಮುಂಚಿತವಾಗಿ, "ಚಿತ್ರವನ್ನು ಒಂದು ಸಲ ಪ್ರಕಟಿಸುವುದಕ್ಕೆ ಮಾತ್ರ ಕೊಟ್ಟಿದೆ, ಸ್ವಾಮ್ಯವು ನನ್ನದು" ಎಂಬ ಎರಡು ಸಾಲಿಗೆ ಇಬ್ಬರೂ ರುಜು ಹಾಕುವುದು ಲೇಸು.

ಇನ್ನು ಛಾಯಾಚಿತ್ರಕಾರನ ಮಾತು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಈ ವೃತ್ತಿಯನ್ನು ನಮ್ಮ ದೇಶದಲ್ಲಿ ಗೌರವಕ್ಕೆ ತಂದವರಲ್ಲಿ ಒಬ್ಬರು. 1948ರಲ್ಲಿ ಬೆಂಗಳೂರಿನ 'ಡೆಕ್ಕನ್ ಹೆರಾಲ್ಡ್' ಸೇರಿದರು. ಅನಂತರ ಒಬ್ಬ ಒಡೆಯನ ಕೈಕೆಳಗೆ ನಿಲ್ಲದೆ ಸ್ವತಂತ್ರರಾಗಿ ನಾನಾ ಪತ್ರಿಕೆಗಳಿಗೆ ಚಿತ್ರಗಳನ್ನು ಕೊಟ್ಟರು. ಅಮೆರಿಕದ 'ಲೈಫ್' ಪತ್ರಿಕೆಯವರೆಗೂ ಅವರ ಚಿತ್ರಗಳು ಹೋದವು. 1977ರಲ್ಲಿ ಪದ್ಮಶ್ರೀ ಬಂದಿತು. 1979ರಲ್ಲಿ, ಮಕ್ಕಳ ವರ್ಷದ ಸಂದರ್ಭದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಭವನದಲ್ಲಿ ಪ್ರದರ್ಶಿಸಿದರು. ಅರಮನೆಗಳನ್ನೂ ಮಂತ್ರಿಗಳನ್ನೂ ಬಿಟ್ಟು ಬೀದಿಯ ಮಕ್ಕಳನ್ನೂ ಸಾಮಾನ್ಯರನ್ನೂ ನೋಡುತ್ತಿದ್ದ ಕಣ್ಣು ಅವರದು. ಆದರೆ ನೂರು ಮಂದಿ ತರುಣರು ಸತ್ಯನ್ನರಾಗಲು ಹೊರಟರೆ ತೊಂಬತ್ತು ಮಂದಿ ಮದುವೆಯ ಮನೆಯಲ್ಲಿ ಚಿತ್ರ ತೆಗೆದು ಹೊಟ್ಟೆ ಹೊರೆಯಬೇಕಾಗುವುದು. ಅದರಲ್ಲಿ ಅವಮಾನವೇನೂ ಇಲ್ಲ. ಮದುವೆಯವರು ಮುಂಗಡವನ್ನಾದರೂ ಕೊಡುವರು!

ನಮ್ಮ ತಾಲ್ಲೂಕಿನ ಒಂದು ನಿದರ್ಶನವನ್ನೇ ಹೇಳುತ್ತೇನೆ. 1907ರಲ್ಲಿ ಮುಗಿದ ನಮ್ಮ ಮಾರಿಕಣಿವೆಯ ಕಟ್ಟೆ, ಎಂದರೆ ವಾಣಿವಿಲಾಸ ಸಾಗರವು, 1933ರಲ್ಲಿ ತುಂಬಿದ ಮೇಲೆ 2022ರ ಸೆಪ್ಟೆಂಬರಿನವರೆಗೆ ಕೋಡಿ ಬೀಳಲಿಲ್ಲ. 89 ವರ್ಷಗಳ ಮೇಲೆ ವೇದಾವತಿ ಉಕ್ಕಿ ಹರಿದಾಗ ಮುದುಕರು ಅತ್ತರು, ಮಕ್ಕಳು ಕುಣಿದರು. ತರುಣನೊಬ್ಬನು ನಸುಕಿನಲ್ಲಿ ಹೋಗಿ ನಿಂತು ಕೋಡಿಯ ಚಿತ್ರವನ್ನು ತೆಗೆದನು. ಯಾರೂ ಹೇಳಿ ಮಾಡಿಸಿದ್ದಲ್ಲ; ಆದಕಾರಣ ಚಿತ್ರವು ನಿಸ್ಸಂದೇಹವಾಗಿ ಅವನದು. ಅದು ಕೈಯಿಂದ ಕೈಗೆ ಹೋಗಿ ಹಲವೆಡೆ ಅಚ್ಚಾಯಿತು. ಮರುವರ್ಷ ಒಂದು ಅಂಗಡಿಯ ಕ್ಯಾಲೆಂಡರಿನ ಮೇಲೂ ಬಂದಿತು. ಹೆಸರಿಲ್ಲ, ಕಾಸಿಲ್ಲ. ಅವನು ನನ್ನಲ್ಲಿಗೆ ಬಂದಾಗ ಎರಡನ್ನೂ ಬಿಡಿಸಿ ಹೇಳಿದೆನು. ನಡೆಯುತ್ತಿರುವ ಸಂಗತಿಯನ್ನು ವರದಿಮಾಡಲು ನ್ಯಾಯವಾಗಿ ಬಳಸಿದೆವೆಂದು ಸುದ್ದಿಪತ್ರಿಕೆಯವರು ಹೇಳಿಕೊಂಡಾರು. ಆ ವಾದಕ್ಕೆ ಕಾಯಿದೆಯಲ್ಲಿ ಸ್ಥಳವುಂಟು. ಕ್ಯಾಲೆಂಡರಿನವರಿಗೆ ಆ ಬಾಗಿಲಿಲ್ಲ. ದಾವೆಯನ್ನು ದೂರದ ಪಟ್ಟಣದಲ್ಲಿ ಹೂಡಬೇಕಾಗಿಯೂ ಇಲ್ಲ, ನಮ್ಮ ಚಿತ್ರದುರ್ಗದ ಜಿಲ್ಲಾ ನ್ಯಾಯಾಲಯದಲ್ಲಿಯೇ ಹೂಡಬಹುದು ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ವಾಮೀ, ಹಣ ಹೋಗಲಿ, ಹೆಸರನ್ನಾದರೂ ಹಾಕಬಹುದಾಗಿತ್ತು" ಎಂದನು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಸ್ವಾಮ್ಯವನ್ನು ಪೂರ್ತಿ ಮಾರಿದವನಿಗೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಕಾಯಿದೆ ಉಳಿಸಿದೆ. ಹೆಸರು ಹಾಕುವುದಕ್ಕೆ ಪತ್ರಿಕೆಗೆ ತಗಲುವ ಖರ್ಚಾದರೂ ಎಷ್ಟು? ಒಂದು ಸಾಲಿನ ಮಸಿ.

ಬರೆಯುವವರು ಪಟ್ಟಣದಲ್ಲಿಯೇ ಇರಬೇಕೆಂದೂ ಇಲ್ಲ. 1988ರಲ್ಲಿ ಪುತ್ತೂರಿನಲ್ಲಿ ಕೃಷಿಕರು ಸೇರಿ 'ಅಡಿಕೆ ಪತ್ರಿಕೆ' ಹೊರಡಿಸಿದರು. ಕಾಸರಗೋಡು ಸೀಮೆಯ ಶ್ರೀ ಪಡ್ರೆಯವರು ಅದರ ಸಂಪಾದಕರಾಗಿ ಕೃಷಿಕರ ಕೈಗೇ ಲೇಖನಿ ಕೊಡಬೇಕೆಂದು ಹೊರಟರು. ತೋಟದವನು ತೋಟದ ವಿಷಯವನ್ನು ತಾನೇ ಬರೆದನು. ನಾಡು ಒಂದಾದಾಗ ಕಾಸರಗೋಡು ಹೊರಗುಳಿಯಿತು. ಆದರೆ ಈ ಪತ್ರಿಕೆಯ ಪುಟದಲ್ಲಿ ಆ ಗಡಿ ಇಲ್ಲ. ಬಬ್ಬೂರಿನ ಕೃಷಿ ಸಂಶೋಧನಾ ಕ್ಷೇತ್ರವು ನಿಮ್ಮ ಮಗ್ಗುಲಲ್ಲಿಯೇ ಇದೆ. ಮಳೆ ತಪ್ಪುವ ಈ ಬಯಲುಸೀಮೆಯಲ್ಲಿ ಬಾವಿ ಬತ್ತಿದ ಮೇಲೂ ತೆಂಗನ್ನು ಉಳಿಸಿಕೊಂಡವನ ಅನುಭವವನ್ನು ಬರೆಯಲು ಬೆಂಗಳೂರಿನವನು ಬರಬೇಕೆ? ಉಪಾಧ್ಯಾಯರೇ, ಆ ರೈತನು ಬರೆಯಲಾರದಿದ್ದರೆ ಅವನ ಮಾತನ್ನು ನೀವು ಬರೆಯಿರಿ. ಅವನ ಹೆಸರನ್ನು ಮೊದಲು ಹಾಕಿರಿ.

ನೌಕರಿ ಬಿಟ್ಟು ಬರೆಹಕ್ಕೆ ಇಳಿಯಬೇಕೆ ಎಂದು ತರುಣರು ಕೇಳಿದರೆ ನನ್ನ ಉತ್ತರ ಸ್ಪಷ್ಟ: ಈಗಲೇ ಬೇಡ. 'ಚಂದಮಾಮ'ವೇ 2013ರಲ್ಲಿ ನಿಂತುಹೋಯಿತು. ವಾರಪತ್ರಿಕೆಗಳ ಪುಟಗಳು ತೆಳುವಾಗುತ್ತಿವೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿಯ ತೋಟವನ್ನು ಇಟ್ಟುಕೊಂಡೇ ಬರೆದರು, ಹಕ್ಕಿಗಳ ಚಿತ್ರ ತೆಗೆದರು. ಅನ್ನಕ್ಕೆ ಒಂದು ದಾರಿ ಇದ್ದವನು ಸಂಪಾದಕನೊಡನೆ ತಲೆಯೆತ್ತಿ ಮಾತನಾಡಬಲ್ಲನು. ಸರಕಾರದ ಸೇವೆಯಲ್ಲಿರುವವರು ತಮ್ಮ ನಡತೆಯ ನಿಯಮಗಳನ್ನು ಒಮ್ಮೆ ನೋಡಿಕೊಳ್ಳಿರಿ.

ಇಷ್ಟು ಸಂಗತಿಗಳನ್ನು ಇಟ್ಟುಕೊಂಡು ಒಂದು ಪತ್ರದ ಮಾದರಿಯನ್ನು ಕನ್ನಡದಲ್ಲಿ ಬರೆದು ತಂದಿದ್ದೇನೆ. ಕೃತಿಯ ಹೆಸರು, ಕಳುಹಿಸಿದ ತಾರೀಖು, ಒಂದು ಸಲ ಪ್ರಕಟಿಸಲು ಮಾತ್ರ ಅನುಮತಿ, ಸಂಭಾವನೆಯ ಮೊತ್ತ, ಅದನ್ನು ಕೊಡತಕ್ಕ ಅವಧಿ, ಹೆಸರು ಅಚ್ಚಾಗಬೇಕಾದ ಸ್ಥಳ ಇವೆಲ್ಲವೂ ಅದರಲ್ಲಿ ಅರ್ಧ ಪುಟದಲ್ಲಿಯೇ ಮುಗಿದಿವೆ. ಪ್ರತಿಗಳು ಅಧ್ಯಕ್ಷರ ಮೇಜಿನ ಮೇಲಿವೆ. ಹೋಗುವಾಗ ತೆಗೆದುಕೊಳ್ಳಿರಿ, ಅದರಲ್ಲಿ ತಿದ್ದುಪಡಿ ಬೇಕೆಂದು ತೋರಿದವರು ಈಗಲೇ ಹೇಳಿದರೆ ಕುಳಿತು ತಿದ್ದೋಣ.