ಮೋಳಿಗೆಯ ಮಾರಯ್ಯನವರ ಗೃಹಸ್ಥಧರ್ಮ



ಕಾಯಿಗಳನ್ನು ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಕಾದು ಕೊಬ್ಬರಿ ಸುಲಿಯುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಭಕ್ತಾದಿಗಳಿಗೆ ದುಡಿಮೆಯ ಕಾಸಿನ ಬೆಲೆಯನ್ನು ಬೋಧಿಸಬೇಕಾದುದಿಲ್ಲ. ಇಂಥವರ ಮುಂದೆ ಸ್ಮರಿಸತಕ್ಕ ಗೃಹಸ್ಥ ಶರಣರು ಮೋಳಿಗೆಯ ಮಾರಯ್ಯನವರು.

ಇವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು, 12ನೆಯ ಶತಮಾನದಲ್ಲಿ ಪತ್ನಿಯೊಡನೆ ಕಲ್ಯಾಣಕ್ಕೆ ಬಂದು ನೆಲಸಿದರೆಂಬುದು ಪರಂಪರೆಯ ಮಾತು. ರಾಜ್ಯ ಬಿಟ್ಟವರು ಹಲವರುಂಟು. ಬಿಟ್ಟ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಮಾರಿದವರು ವಿರಳ. ಆ ಹೊರೆಯೇ, ಆ ಮೋಳಿಗೆಯೇ, ಅವರ ಹೆಸರಾಯಿತು. ಅವರು ಮನೆಯಲ್ಲಿಲ್ಲದ ವೇಳೆ ಬಸವಣ್ಣನವರು ಬಂದು, ಮಹಾದೇವಿಯಮ್ಮನವರು ನೀಡಿದ ಅಂಬಲಿಯನ್ನು ಸವಿದು, ಗುಪ್ತವಾಗಿ ಹೊನ್ನನ್ನಿರಿಸಿ ಹೋದರಂತೆ. ಮಾರಯ್ಯನವರು ಅದನ್ನು ತಮಗೆಂದು ಇರಿಸಿಕೊಳ್ಳದೆ ಜಂಗಮರಿಗೆ ಒಪ್ಪಿಸಿದರು. ಬಡತನಕ್ಕೆ ಮರುಗಿದುದು ತಪ್ಪೇ ಎಂದು ಕೆಲವರು ಕೇಳಬಹುದು. ಆ ಮನೆಯಲ್ಲಿ ಬಡತನವೇ ಇರಲಿಲ್ಲ.

ಮುಂದಿನ ಕಥೆ ಇನ್ನೂ ಹಿರಿದು. ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯ ಗೂಳೂರು ಸಿದ್ಧವೀರಣ್ಣೊಡೆಯರು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ ಅದು ಬಂದಿರುವುದು. ಮಾರಯ್ಯನವರು ಕೈಲಾಸಕ್ಕೆ ತೆರಳುವ ಹಂಬಲವನ್ನು ಪತ್ನಿಗೆ ತಿಳಿಸಿದರು. ಒಮ್ಮೆ ದೇಶ ಬಿಟ್ಟು ಬಂದವರಿಗೆ ಮತ್ತೊಂದು ದೇಶದ ಆಸೆ! ಕೈಲಾಸವು ಬೇರೊಂದು ಊರಲ್ಲ, ಲಿಂಗದಲ್ಲಿ ಕೂಡುವುದು ಇಲ್ಲಿಯೇ ಎಂದು ಆ ತಾಯಿ ಅರಿವು ಹೇಳಿದರು. ಅರಸರಾಗಿದ್ದವರು ಮಡದಿಯ ಮಾತಿಗೆ ತಲೆಬಾಗಿದರು.